ನಾಗವಾರದ ಬೇಲಿಯೊಳಗಣ ಶಾಸನ

ಹೆಬ್ಬಾಳದಿಂದ ಹೊರವರ್ತುಲ ರಸ್ತೆಯಲ್ಲಿ ಪೂರ್ವಾಭಿಮುಖವಾಗಿ ಸಾಗುವವರಿಗೆ ನಾಗವಾರದ ಬಳಿ ಎದುರಾಗುವ ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಸೌಧಗಳಲ್ಲಿ ಕೆಲವು, ಸುಂಕದ ಶಾಸನದ ದೃಷ್ಟಿಯಲ್ಲಿ, ದೇಶದ ಸುಂಕಸೀಮೆಯ ಹೊರಗಿನ ನೆಲವೆಂದು ಪರಿಗಣಿತವಾಗಿವೆ ಎಂದರೆ, ವಾಹನದಟ್ಟಣೆಯಲ್ಲಿ ಸಿಲುಕಿದ ಪ್ರಯಾಣಿಕನು ನಂಬಲಾರನು. 2005ರಲ್ಲಿ ಸಂಸತ್ತು ಅಂಗೀಕರಿಸಿದ ವಿಶೇಷ ಆರ್ಥಿಕ ವಲಯ ಅಧಿನಿಯಮದ ಮಹಿಮೆ ಇದು.

ತೆರಿಗೆಯ ವಿನಾಯಿತಿಯೇ ಇಂತಹ ವಲಯಗಳ ಸರ್ವಸ್ವವೆಂದು ಜನರು ಭಾವಿಸುವುದುಂಟು. ಆದರೆ ಅವುಗಳ ನಿಜವಾದ ಸ್ವಾರಸ್ಯವಿರುವುದು ಆಡಳಿತಕ್ರಮದಲ್ಲಿ. ದೇಶದಾದ್ಯಂತ ಒಮ್ಮೆಗೇ ತಿದ್ದಲು ಸರ್ಕಾರವು ಅಂಜುವ ಕಟ್ಟಳೆಯನ್ನು ಒಂದು ಆವರಣದೊಳಗೆ ಸಡಿಲಿಸಿ, ಅದರ ಫಲಾಫಲಗಳನ್ನು ಕಂಡು, ಬಳಿಕ ಹೊರಗೂ ವಿಸ್ತರಿಸುವ ಈ ಉಪಾಯವನ್ನು ಚೀನಾ 1980ರಿಂದ ಶೆಂಜೆನ್ನಿನಲ್ಲಿ ಪ್ರಯೋಗಿಸಿತು. 1987ರಲ್ಲಿ ಅಲ್ಲಿ ಭೂಬಳಕೆಯ ಹಕ್ಕನ್ನು ಹರಾಜು ಹಾಕಿ, ಮರುವರ್ಷ ಅದಕ್ಕೆ ಅನುಗುಣವಾಗಿ ತನ್ನ ಸಂವಿಧಾನವನ್ನೇ ತಿದ್ದಿಕೊಂಡಿತು.

ನಮ್ಮಲ್ಲಿಯೋ, 1965ರಷ್ಟು ಹಿಂದೆಯೇ ಕಾಂಡ್ಲಾದಲ್ಲಿ ರಫ್ತು ವಲಯವನ್ನು ಸ್ಥಾಪಿಸಿದ್ದರೂ, ಒಳಗಣ ಸುಧಾರಣೆ ಹೊರಕ್ಕೆ ಹರಿದುದು ಅತ್ಯಲ್ಪ. ವಲಯದ ಉದ್ಯಮಿಗೆ ಅಭಿವೃದ್ಧಿ ಆಯುಕ್ತರ ಅಧ್ಯಕ್ಷತೆಯ ಅನುಮೋದನಾ ಸಮಿತಿಯ ಆಸರೆಯುಂಟು. ಯಶವಂತಪುರದ ಸಣ್ಣ ಕಾರ್ಖಾನೆಗೆ ಈ ಕಾಯಿದೆಯ ಸೌಕರ್ಯವಿಲ್ಲ. ನಮ್ಮವರು ಪ್ರಯೋಗಶಾಲೆಯನ್ನು ಕಟ್ಟಿ ಅದನ್ನು ಛತ್ರವಾಗಿ ಬಳಸಿದರೆಂದೇ ನನ್ನ ಅಭಿಪ್ರಾಯ.

ಹೊಸ ಘಟಕಗಳಿಗಿದ್ದ ಆದಾಯ ತೆರಿಗೆಯ ವಿನಾಯಿತಿ 2020ರಲ್ಲಿ ಮುಗಿದ ತರುವಾಯ ವಲಯಗಳ ಆಕರ್ಷಣೆ ಕುಗ್ಗಿ, ಕಾನೂನನ್ನು ಸುಧಾರಿಸಬೇಕಾಗಿದ್ದ ವಲಯದ ಕಾನೂನನ್ನೇ ಸುಧಾರಿಸಬೇಕಾದ ಸ್ಥಿತಿ ಒದಗಿತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ತಿದ್ದಿ, ಮಾಹಿತಿ ತಂತ್ರಜ್ಞಾನ ವಲಯದ ಕಟ್ಟಡಗಳಲ್ಲಿ ಇಡಿಯ ಅಂತಸ್ತುಗಳನ್ನು, ಅವುಗಳಿಗೆ ಪಡೆದ ತೆರಿಗೆ ಸವಲತ್ತನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಿದ ಮೇಲೆ, ಸಾಧಾರಣ ಸಂಸ್ಥೆಗಳ ಬಳಕೆಗೆ ಪ್ರತ್ಯೇಕಿಸಲು ಅವಕಾಶವಿತ್ತಿತು.