ನಡು ಉಬ್ಬದ ಕೌದಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಿರಿಯರಿಗೆ ಕೌದಿಯಿಲ್ಲದ ಹಾಸಿಗೆ ಹಾಸಿಗೆಯೇ ಅಲ್ಲ. ಮಾಗಿಯ ಚಳಿಗೆ ಅದು ಹೊದಿಕೆ, ಬೇಸಗೆಯ ಅಂಗಳಕ್ಕೆ ಹಾಸು, ಬಾಣಂತಿಯ ಕೋಣೆಯಲ್ಲಿ ಕೂಸಿನ ಮೆತ್ತೆ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿರಿಸಿ, ಸಾದಾ ಹೊಲಿಗೆ ಹಾಕಿದರೆ ಮುಗಿಯಿತೆಂದು ನೋಡಿದವರಿಗೆ ತೋರುತ್ತದೆ. ಅದರ ತೊಡಕು ಸೂಜಿ ಹಿಡಿದವರಿಗೆ ಮಾತ್ರ ಗೊತ್ತು.

ತೊಡಕಿರುವುದು ನಡುವಿನಲ್ಲಿ. ಹೊಲಿಯುವ ಕ್ರಮ ಎಲ್ಲರದೂ ಒಂದೇ ಅಲ್ಲ. ಕೆಲವರು ನೇರ ಸಾಲು ಹಿಡಿಯುತ್ತಾರೆ, ಕೆಲವರು ಅಂಚಿನಿಂದ ಹೊರಟು ನಾಲ್ಕೂ ಬದಿಗಳನ್ನು ಸುತ್ತುತ್ತ ಒಳಗೊಳಗೆ ಸಾಗುತ್ತಾರೆ. ಈ ಎರಡನೆಯ ಕ್ರಮವೇ ಕಠಿಣವಾದುದು. ಸೂಜಿಯನ್ನು ಮುಂದೊತ್ತಿದಾಗಲೆಲ್ಲ ಮೇಲಿನ ಪದರು ಕೂದಲೆಳೆಯಷ್ಟು ಸರಿಯುತ್ತದೆ, ಕೆಳಗಿನದು ಇದ್ದಲ್ಲೇ ಇರುತ್ತದೆ. ಒಂದು ಸುತ್ತಿನಲ್ಲಿ ಕಣ್ಣಿಗೆ ಬೀಳದ ಈ ಸಡಿಲ, ಹತ್ತಾರು ಸುತ್ತುಗಳಲ್ಲಿ ಕೂಡಿಕೊಂಡು, ಹೊರಗೆ ಹೋಗಲು ದಾರಿಯಿಲ್ಲದೆ ನಡುವೆ ಗುಳ್ಳೆಯಾಗಿ ಏಳುತ್ತದೆ. ಆಗ ಕಲಿಯುವ ಹುಡುಗಿಯ ಮುಖ ಬಾಡುವುದು ಸಹಜವೇ.

ಪಾಶ್ಚಾತ್ಯ ಗೃಹಿಣಿಯರು ಕ್ರೋಶಾ ಕಡ್ಡಿಯಿಂದ ಉಣ್ಣೆಯ ಹೊದಿಕೆ ಹೆಣೆಯುತ್ತಾರೆ. ಅದಕ್ಕೆ ‘ಆಫ್ಘನ್’ ಎಂದು ಹೆಸರು. ಅದರಲ್ಲಿ ತಪ್ಪಾದರೆ ಎಳೆಯ ತುದಿ ಹಿಡಿದೆಳೆದರೆ ಸಾಕು, ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ, ನೂಲೂ ಉಳಿಯುತ್ತದೆ. ಕೌದಿಗೆ ಈ ದಯೆಯಿಲ್ಲ. ಹೊಲಿಗೆಯನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ಮೊದಲೇ ಸವೆದ ಬಟ್ಟೆ ಎರಡು ಮೂರು ಸಲ ಕಿತ್ತರೆ ಹರಿದೇ ಹೋದೀತು. ಆ ಬಟ್ಟೆಯಾದರೂ ಎಂಥದು? ತೀರಿಕೊಂಡ ತಾಯಿ ಉಡುತ್ತಿದ್ದ ಇಳಕಲ್ ಸೀರೆಯಾಗಿದ್ದರೆ ಅಂಗಡಿಯಲ್ಲಿ ಅದಕ್ಕೆ ಬದಲಿ ಸಿಗುವುದೇ? ಆದ್ದರಿಂದಲೇ ಹೊಸಬರು ತೊಟ್ಟಿಲ ಕೌದಿಯಲ್ಲಿ ಕೈ ಪಳಗಿಸಿಕೊಳ್ಳುವುದು ಮೇಲು. ಅದರಲ್ಲಿ ಸುತ್ತುಗಳೂ ಕಡಿಮೆ, ನಷ್ಟವೂ ಕಡಿಮೆ. ಗುಳೇದಗುಡ್ಡದ ಖಣದ ಚೂರುಗಳೇ ಅದಕ್ಕೆ ಸಾಕು.

ಉಬ್ಬದಂತೆ ತಡೆಯುವ ಉಪಾಯ ಎರಡು. ಹಾಸಿದ ಪದರುಗಳ ಮೇಲೆ ಮೊದಲು ಗೇಣುಗೇಣಿಗೊಂದು ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ಪಕ್ಕಾ ಹೊಲಿಗೆ ಬಂದಂತೆ ಅದನ್ನು ಬಿಚ್ಚುತ್ತ ಹೋಗುವುದು ಒಂದು. ಇನ್ನೊಂದು ಎಡಗೈಯ ಕೆಲಸ. ಆ ಕೈಯನ್ನು ಬಟ್ಟೆಯ ಕೆಳಗಿಟ್ಟು ಸೂಜಿಯ ಮೊನೆಯನ್ನು ಬೆರಳಿನಿಂದಲೇ ಅರಿಯಬೇಕು. ನಾಲ್ಕು ಹೊಲಿಗೆಗೊಮ್ಮೆ ಅಂಗೈಯಿಂದ ಸವರಿ ಸಡಿಲವನ್ನು ಹಿಂದಕ್ಕೆ ತಳ್ಳಬೇಕು. ದಾರವನ್ನು ಬಿಗಿದೆಳೆದರೆ ಸಾಲು ಸುಕ್ಕುಗಟ್ಟುವುದು ಖಂಡಿತ. “ಜಗ್ಗಬ್ಯಾಡ ನನ್ನವ್ವ, ದಾರ ತಾನ ಕೂಡ್ತತಿ” ಎಂಬ ಅಜ್ಜಿಯ ಮಾತಿನಲ್ಲಿ ಅರ್ಧ ವಿದ್ಯೆಯೇ ಅಡಗಿದೆ.

ಬಟ್ಟೆಯ ಆಯ್ಕೆಯೂ ಕಡೆಗಣಿಸತಕ್ಕದ್ದಲ್ಲ. ಹಲವು ಸಲ ಒಗೆದ ಹತ್ತಿಬಟ್ಟೆ ಕುಗ್ಗುವಷ್ಟೂ ಕುಗ್ಗಿರುತ್ತದೆ, ಸೂಜಿಗೆ ಸುಲಭವಾಗಿ ದಾರಿ ಬಿಡುತ್ತದೆ. ಹೊಸದನ್ನೂ ಹಳೆಯದನ್ನೂ ಬೆರೆಸಿದರೆ ಮೊದಲ ಒಗೆತದಲ್ಲೇ ಹೊಸದು ಕುಗ್ಗಿ ಕೌದಿ ಮುದುಡುತ್ತದೆ. ಇಂದು ಮನೆಮನೆಯ ಪೆಟ್ಟಿಗೆಯಲ್ಲಿರುವ ಪಾಲಿಯೆಸ್ಟರ್ ಸೀರೆಗಳಂತೂ ಜಾರುತ್ತವೆ, ಬೆವರು ಹೀರುವುದಿಲ್ಲ. ಹೊಲಿಗೆಯಂತ್ರದಿಂದ ಈ ಕಷ್ಟ ತಪ್ಪೀತೆಂದು ಭಾವಿಸುವವರುಂಟು. ಆದರೆ ಯಂತ್ರದ ಹಲ್ಲುಗಳು ಕೆಳಗಿನ ಪದರನ್ನು ಮುಂದಕ್ಕೊಯ್ಯುತ್ತಿರಲು, ಮೇಲಿನ ಒತ್ತುಪಾದ ಮೇಲಿನದನ್ನು ತಡೆಯುತ್ತದೆ. ಸಡಿಲ ಅಲ್ಲಿಯೂ ಹುಟ್ಟುತ್ತದೆ.

ಹಾವೇರಿ ಜಿಲ್ಲೆಯ ಪಶ್ಚಿಮದ ನೆರೆಯಾದ ಉತ್ತರ ಕನ್ನಡದ ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಸಿದ್ದಿ ಸ್ತ್ರೀಯರೂ ‘ಕವಂದಿ’ಯನ್ನು ಅಂಚಿನಿಂದಲೇ ಒಳಮುಖವಾಗಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಚಿದ ತ್ರಿಕೋನದ ತುಂಡುಗಳನ್ನು ‘ಫೂಲ’ವೆಂದು ಇಡುತ್ತಾರೆ, ಅದಿಲ್ಲದ ಕವಂದಿ ಅವರ ದೃಷ್ಟಿಯಲ್ಲಿ ಬತ್ತಲೆ.

ಇಷ್ಟೆಲ್ಲ ಮಾಡಿಯೂ ನಡು ಉಬ್ಬಿದರೆ? ಕೊನೆಯ ಕೆಲವು ಸುತ್ತುಗಳನ್ನು ಕಿತ್ತು, ಸಡಿಲವನ್ನು ನಾಲ್ಕು ದಿಕ್ಕಿಗೂ ಹಂಚಿ ಮತ್ತೆ ಹೊಲಿಯುವುದೇ ಸರಿಯಾದ ದಾರಿ. ಅವಸರದವರು ಉಬ್ಬನ್ನು ಸಣ್ಣ ನೆರಿಗೆಯಾಗಿ ಮಡಿಚಿ, ಮೇಲೊಂದು ಚೌಕ ತುಂಡು ಹಚ್ಚಿ ಮರೆಮಾಡಬಹುದು. ಬಲ್ಲವಳೊಬ್ಬಳು ಬಂದು ಕೌದಿಯ ಮೇಲೆ ಒಮ್ಮೆ ಅಂಗೈ ಆಡಿಸುವವರೆಗೆ ಅದು ಯಾರಿಗೂ ತಿಳಿಯದು.