ತೋಟದ ಕೋವಿಗೆ ನಳಿಗೆ ಎಷ್ಟುದ್ದವಿರಬೇಕು?



ಕಳೆದ ಆಷಾಢದಲ್ಲಿ ನಮ್ಮ ಸದಸ್ಯರೊಬ್ಬರು ಗೊಬ್ಬರದ ಲೆಕ್ಕ ನೋಡುವ ನೆಪದಲ್ಲಿ ಕಛೇರಿಗೆ ಬಂದು, ಬಹಳ ಹೊತ್ತು ಕುಳಿತು, ಕೊನೆಗೆ ವಿಷಯಕ್ಕೆ ಬಂದರು. ತಂದೆಯವರಿಂದ ಬಂದ 12 ಬೋರಿನ ಜೋಡುನಳಿಗೆ ಕೋವಿ; ನಳಿಗೆ 32 ಅಂಗುಲ. ರೊಬಸ್ಟಾ ಗಿಡಗಳ ನಡುವೆ ಹಂದಿ ಕಾಯಲು ಹೋದರೆ ಅದರ ಮೂತಿ ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ. “ಕುಲುಮೆಯಲ್ಲಿ ಆರಂಗುಲ ಕತ್ತರಿಸಿ ಕೊಡುತ್ತಾರಂತೆ, ಆದೀತೇ ಕಾರ್ಯದರ್ಶಿಗಳೇ?” ಎಂದರು. ಖಂಡಿತ ಕೂಡದು ಎಂದೆವು.

ಆರು ಕಳೆದರೂ 26 ಉಳಿಯುತ್ತದೆ, ಕಾನೂನು ಕೇಳುವುದು 20 ಅಂಗುಲ ತಾನೇ ಎಂಬುದು ಅವರ ವಾದ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ 20 ಅಂಗುಲದ ಮಾತು ಇರುವುದು ನಿಜ. ಆದರೆ ಅದೇ ಕಾಯ್ದೆಯ 6ನೇ ಕಲಮಿನಂತೆ, ಅದಕ್ಕೆಂದೇ ಪಡೆದ ಪರವಾನಗಿ ಇಲ್ಲದೆ ಯಾರೂ ನಳಿಗೆಯನ್ನು ಮೊಟಕುಮಾಡುವಂತಿಲ್ಲ. ಎಷ್ಟು ಉಳಿಯಿತೆಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಕೊಡಗಿನ ಬಂಧುಗಳಿಗೆ ಇರುವ ವಿನಾಯಿತಿ, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದು, ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ಕತ್ತರಿಸುವುದಕ್ಕಲ್ಲ.

ಕಾನೂನು ಹಾಗಿರಲಿ, ಕತ್ತರಿಸಿದರೆ ಕೋವಿಯೇ ಕೆಡುತ್ತದೆ. 12 ಬೋರಿನ ಒಳವ್ಯಾಸ ಸುಮಾರು ಹದಿನೆಂಟೂವರೆ ಮಿಲಿಮೀಟರು. ಮೂತಿಯ ಕಡೆಯ ಒಂದೆರಡು ಅಂಗುಲದಲ್ಲಿ ಅದು ತುಸು ಕಿರಿದಾಗುತ್ತದೆ. ಇದಕ್ಕೆ ಚೋಕ್ ಎನ್ನುತ್ತಾರೆ. ಫುಲ್ ಚೋಕ್ ಎಂದರೂ ಕಿರಿದಾಗುವುದು ಒಂದು ಮಿಲಿಮೀಟರಿನ ಆಸುಪಾಸು, ಅಷ್ಟೆ. ಆದರೆ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ನೂರಕ್ಕೆ 70ರಷ್ಟು ಚರೆ ಬೀಳುವುದೂ, 40ರಷ್ಟು ಬೀಳುವುದೂ ಇದರಿಂದಲೇ ತೀರ್ಮಾನವಾಗುತ್ತದೆ. ಮೂತಿ ಕತ್ತರಿಸಿದರೆ ಮೊದಲು ಹೋಗುವುದೇ ಚೋಕ್.

ನಳಿಗೆ ಉದ್ದವಿದ್ದಷ್ಟೂ ಈಡು ದೂರ ಹೋಗುತ್ತದೆ, ಚರೆ ಒತ್ತಾಗಿ ಬೀಳುತ್ತದೆ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿತ್ತು. ಅವರ ಕೇಪಿನ ಕೋವಿಗಳ ಕರಿಮದ್ದು ನಿಧಾನವಾಗಿ ಉರಿಯುತ್ತಿದ್ದುದರಿಂದ ಅದರಲ್ಲಿ ಸ್ವಲ್ಪ ಹುರುಳೂ ಇತ್ತು. ಈಗಿನ ತೋಟೆಗಳ ಹೊಗೆರಹಿತ ಮದ್ದು ಬೇಗ ಉರಿದು ಮುಗಿಯುತ್ತದೆ. ಒಂದಂಗುಲ ಕಡಿಮೆಯಾದರೆ ಚರೆಯ ವೇಗ ಇಳಿಯುವುದು ಸೆಕೆಂಡಿಗೆ ಐದರಿಂದ ಹತ್ತು ಅಡಿ. ಮೂಲವೇಗವೇ ಸಾವಿರದ ಇನ್ನೂರರಷ್ಟಿರುವಾಗ ಇದು ಲೆಕ್ಕಕ್ಕಿಲ್ಲ.

ಅಮೆರಿಕದಲ್ಲಿ ವಸಂತಕಾಲದಲ್ಲಿ ಕಾಡು ಟರ್ಕಿಕೋಳಿಯ ಬೇಟೆ ನಡೆಯುತ್ತದೆ. ಮರಕ್ಕೆ ಬೆನ್ನುಕೊಟ್ಟು ಅಲ್ಲಾಡದೆ ಕುಳಿತು, ಹೇಂಟೆಯ ದನಿ ಅನುಕರಿಸಿ, ಹತ್ತಿರ ಬಂದ ಹುಂಜದ ತಲೆ ಕುತ್ತಿಗೆಗೆ ಗುರಿಯಿಡುತ್ತಾರೆ. ಅಷ್ಟು ಒತ್ತಾದ ಚರೆ ಬೇಕಾದ ಆ ಬೇಟೆಗೂ ಅಲ್ಲಿ ಬಹಳ ಮಂದಿ 24 ಅಂಗುಲವೋ ಅದಕ್ಕೂ ಕಡಿಮೆಯೋ ಆದ ನಳಿಗೆಗೆ ಬಿಗಿಯಾದ ಚೋಕ್ ಹಾಕಿಕೊಳ್ಳುತ್ತಾರೆ. ಆದರೆ ಅವರ ಕೈಯಲ್ಲಿರುವುದು ಹೆಚ್ಚಾಗಿ ಪಂಪ್ ಅಥವಾ ಆಟೋಮ್ಯಾಟಿಕ್ ಮಾದರಿ. ಅವುಗಳ ಯಂತ್ರಭಾಗವೇ ಮೂರು ನಾಲ್ಕು ಅಂಗುಲ ಹೆಚ್ಚಿರುವುದರಿಂದ, ಅವರ 24 ನಮ್ಮ ಜೋಡುನಳಿಗೆಯ 28ಕ್ಕೆ ಸರಿಸುಮಾರು ಸಮ. ಹೊಸ ಕೋವಿ ಕೊಳ್ಳುವವರು ನಳಿಗೆಯೊಂದನ್ನೇ ಅಳೆಯದೆ ಕೋವಿಯ ಒಟ್ಟು ಉದ್ದವನ್ನೂ ಅಳೆಯಿರಿ.

ನಮ್ಮ ಅಭಿಪ್ರಾಯ ಕೇಳಿದರೆ, ಕಾಫಿ ತೋಟಕ್ಕೆ 26 ಅಂಗುಲ ಸಾಕು. ಎತ್ತರದ ಆಳಿಗೆ, ಅಥವಾ ಅಡಿಕೆ ತೋಟದಂತೆ ಬುಡ ಬಯಲಾಗಿರುವ ಕಡೆಗೆ, 28 ಆಗಬಹುದು. 30, 32 ಅಂಗುಲದವು ಬಯಲಿನಲ್ಲಿ ಹಾರುವ ಹಕ್ಕಿಗೆ ಚೆಂದ. ಆ ಕಾಲ ನಮ್ಮಲ್ಲಿ ಮುಗಿಯಿತು. 1972ರ ವನ್ಯಜೀವಿ ಕಾಯ್ದೆಯಿಂದಾಗಿ, ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿ ಹೊಡೆಯಲು ಅನುಮತಿ ಸಿಕ್ಕಂತಲ್ಲ. ಬೆಳೆ ಹಾಳುಮಾಡುವ ಪ್ರಾಣಿಯ ಬಗ್ಗೆಯೂ 11ನೇ ಕಲಮಿನಡಿ ಅರಣ್ಯಾಧಿಕಾರಿಗಳ ಬರೆಹದ ಆದೇಶ ಬೇಕು. ಹೀಗಾಗಿ ಕೋವಿಯಿಂದ ನಮಗೆ ಆಗುವ ಉಪಯೋಗ ಬಹುಮಟ್ಟಿಗೆ ಸದ್ದಿನದು, ಗಿಡ್ಡ ನಳಿಗೆಯ ಸದ್ದೂ ಹೆಚ್ಚೇ.

ಮಳೆಗಾಲದಲ್ಲಿ ಮೂತಿ ನೆಲಕ್ಕೆ ತಾಗಿ ಮಣ್ಣು ತುಂಬಿಕೊಳ್ಳುವುದುಂಟು. ಅದನ್ನು ನೋಡದೆ ಈಡು ಹಾರಿಸಿದರೆ ನಳಿಗೆ ಸಿಡಿದು ಮುಂಗೈ ಹೋದೀತು. ದರೆ, ಚರಂಡಿ ದಾಟುವ ಮೊದಲು ತೋಟೆ ತೆಗೆಯಿರಿ. ದಾಟಿದ ಮೇಲೆ ಕೋವಿ ಮುರಿದು ಹಿಂಬದಿಯಿಂದ ಬೆಳಕು ನೋಡಿ, ಆಮೇಲೆ ತುಂಬಿ.

ಇಷ್ಟು ಹೇಳಿದ ಮೇಲೆ ನಮ್ಮದೂ ಒಂದನ್ನು ಹೇಳದಿರುವುದು ಸರಿಯಲ್ಲ. ಕಾಲೇಜು ಮುಗಿಸಿ ತೋಟಕ್ಕೆ ಬಂದ ಹೊಸತು. ಮುಸ್ಸಂಜೆಯಲ್ಲಿ ಗಿಡ ಅಲ್ಲಾಡಿತು, ಹಂದಿಯೆಂದು ತಿಳಿದು ಕೋವಿ ಎತ್ತಿದೆವು. 30 ಅಂಗುಲದ ನಳಿಗೆ ರೊಬಸ್ಟಾ ಕೊಂಬೆಗೆ ಸಿಕ್ಕಿ ಮೇಲಕ್ಕೆ ಜಿಗಿಯಿತು, ಈಡು ಸಿಲ್ವರ್ ಮರದ ನೆತ್ತಿಗೆ ಹೋಯಿತು. ಗಿಡದ ಬುಡದಿಂದ ಎದ್ದು ನಿಂತವನು ಸೌದೆ ಆಯುತ್ತಿದ್ದ ನಮ್ಮ ಲೈನಿನ ಆಳು. ಅವನು ಏನೂ ಅನ್ನಲಿಲ್ಲ, ಹೊರೆ ಎತ್ತಿಕೊಂಡು ಹೋದ. ಅಂದಿನಿಂದ ಕಣ್ಣಿಗೆ ಪೂರ್ತಿ ಕಾಣದ ಯಾವುದಕ್ಕೂ ನಾವು ಕೋವಿ ಎತ್ತಿದವರಲ್ಲ.

ಕುಲುಮೆಗೆ ಹೊರಟಿದ್ದ ಸದಸ್ಯರು ತಂದೆಯ ಕೋವಿಯನ್ನು ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಕೊಟ್ಟು 26 ಅಂಗುಲದ್ದೊಂದನ್ನು ತಂದಿದ್ದಾರೆ. ಪರವಾನಗಿ ಪುಸ್ತಕದಲ್ಲಿ ನಮೂದೂ ಆಗಿದೆ. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಅಜ್ಜನ ಕಾಲದ ಕೋವಿಗಳನ್ನು ಅಟ್ಟದಲ್ಲಿಟ್ಟು ಮರೆತವರು ಒಮ್ಮೆ ಕಾಗದಪತ್ರ ತೆಗೆದು ನೋಡುವುದು ಒಳ್ಳೆಯದು. ಅರ್ಜಿ ಬರೆಯಲು ಸಹಾಯ ಬೇಕಾದವರು ಸಂತೆಯ ದಿನ ಬಿಟ್ಟು ಉಳಿದ ದಿನ ಕಛೇರಿಗೆ ಬರಬಹುದು. ಕೋವಿ ಮಾತ್ರ ಮನೆಯಲ್ಲೇ ಇರಲಿ.