ಶಾಸಕರ ಕೈ ಎತ್ತಿಸುವವರು ಯಾರು?

2020ರ ಸೋಣೆ ತಿಂಗಳು. ಕೊರೊನಾದ ಹೆದರಿಕೆ ಇನ್ನೂ ಹೋಗಿರಲಿಲ್ಲ. ತೋಟಕ್ಕೆ ಎರಡನೇ ಸಲ ಮದ್ದು ಬಿಡಲು ಒಂದು ಬಿಸಿಲು ಬರಲಿ ಎಂದು ಕಾಯುತ್ತಿದ್ದ ದಿನಗಳು. ಅಂಥದ್ದರಲ್ಲಿ ನಾವು ಆರು ಮಂದಿ ಕೃಷಿಕರು ಮಾಸ್ಕ್ ಹಾಕಿಕೊಂಡು ನಮ್ಮ ಶಾಸಕರ ಮನೆಗೆ ಹೋದೆವು. ಕೈಯಲ್ಲಿ ಒಂದು ಮನವಿ. ಭೂ ಸುಧಾರಣಾ ಕಾಯ್ದೆಗೆ ಸರಕಾರ ತಂದ ತಿದ್ದುಪಡಿಗೆ ಸದನದಲ್ಲಿ ಒಪ್ಪಿಗೆ ಕೊಡಬೇಡಿ ಎಂಬುದು ನಮ್ಮ ಬೇಡಿಕೆ.

ಅವರು ಮನವಿಯನ್ನು ಪೂರ್ತಿ ಓದಿದರು. ಕಾಫಿ ಕೊಟ್ಟರು. ಮತ್ತೆ ಹೇಳಿದರು, "ನೀವು ಹೇಳುದರಲ್ಲಿ ನ್ಯಾಯ ಉಂಟು. ನಾನೂ ತೋಟ ಇರುವವನೇ. ಆದರೆ ಇದು ನನ್ನ ಕೈಯಲ್ಲಿ ಇಲ್ಲ. ಪಕ್ಷ ಹೇಳಿದ ಹಾಗೆ ಕೈ ಎತ್ತಬೇಕು. ಇಲ್ಲದಿದ್ದರೆ ಸೀಟೇ ಹೋಗ್ತದೆ."

ಹಿಂದೆ ಬರುವಾಗ ಜೀಪಿನಲ್ಲಿ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮಲ್ಲಿ ಹಿರಿಯರೊಬ್ಬರು ಕೇಳಿದರು, "ಹಾಗಾದರೆ ನಾವು ಓಟು ಹಾಕಿದ್ದು ಯಾರಿಗೆ ಮಾರಾಯ್ರೇ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪರಿಚಯದ ವಕೀಲರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ. ಒಂದು ಅವಧಿಗೆ ಗ್ರಾಮ ಪಂಚಾಯತಿನಲ್ಲಿ ಇದ್ದೆ, ಅಷ್ಟೇ.

ಭೂಮಿ ಬಂದದ್ದೂ ಪಕ್ಷದಿಂದಲೇ

ನನ್ನ ಅಪ್ಪ ಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಧಣಿಗಳ ಮನೆಗೆ ಅಳೆದು ಕೊಡಬೇಕಿತ್ತು. ಮಳೆ ಬರಲಿ, ಬಾರದಿರಲಿ, ಲೆಕ್ಕ ಲೆಕ್ಕವೇ. 1972ರ ಚುನಾವಣೆಯಲ್ಲಿ ವಿಧಾನಸಭೆಯ 216 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 165 ಬಂತು. ದೇವರಾಜ ಅರಸರು ಮುಖ್ಯಮಂತ್ರಿ ಆದರು. 1974ರ ಮಾರ್ಚ್ 1ರಿಂದ ಭೂ ಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿಯೇ ಹೋಯಿತು. ಅಪ್ಪ 7ನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟರು. ಭೂ ನ್ಯಾಯಮಂಡಳಿಗೆ ಅಲೆದರು. ಕಡೆಗೂ ಹಕ್ಕುಪತ್ರ ಬಂತು. ಈಗ ನಾನು ನಿಂತಿರುವ ಎರಡೂವರೆ ಎಕರೆ ಅದೇ.

ಆಗ ಜಮೀನು ಇದ್ದವರು ಎಲ್ಲ ಪಕ್ಷಗಳಲ್ಲಿಯೂ ಇದ್ದರು. ಒಬ್ಬೊಬ್ಬ ಶಾಸಕನನ್ನು ಬೇರೆ ಬೇರೆ ಕೂರಿಸಿ ಕೇಳಿದ್ದರೆ ಆ ಕಾಯ್ದೆ ಆಗುತ್ತಿತ್ತೋ ಇಲ್ಲವೋ, ನನಗೆ ಸಂಶಯ ಉಂಟು. ಪಕ್ಷ ಒಂದು ತೀರ್ಮಾನಕ್ಕೆ ಬಂತು, ಸದಸ್ಯರು ಅದರ ಹಿಂದೆ ನಿಂತರು. ಹಾಗಾಗಿ ಕೆಲಸ ಆಯಿತು. ಪಕ್ಷದ ಶಿಸ್ತು ಕೆಟ್ಟದ್ದೇ ಎಂದು ನಾನು ಹೇಳಿದರೆ ಅಪ್ಪನ ಹಕ್ಕುಪತ್ರಕ್ಕೆ ದ್ರೋಹ ಬಗೆದ ಹಾಗೆ.

ಬೇಲಿ ಸಡಿಲವಾದ ಬಗೆ

ಅದೇ 1974ರ ತಿದ್ದುಪಡಿಯಲ್ಲಿ 79ಎ, 79ಬಿ ಎಂಬ ಎರಡು ಕಲಂಗಳು ಬಂದವು. ಕೃಷಿಯಲ್ಲದ ಮೂಲದಿಂದ ಇಂತಿಷ್ಟಕ್ಕಿಂತ ಹೆಚ್ಚು ವರಮಾನ ಇರುವವರು ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂದು ಒಂದು. ಕೃಷಿಕರಲ್ಲದವರು, ಕಂಪೆನಿಗಳು ಕೃಷಿ ಭೂಮಿ ಇಟ್ಟುಕೊಳ್ಳುವಂತಿಲ್ಲ ಎಂದು ಇನ್ನೊಂದು. ವರಮಾನದ ಮಿತಿ ಕಾಲಕಾಲಕ್ಕೆ ಏರುತ್ತಾ ಬಂತು. 2 ಲಕ್ಷ ರೂಪಾಯಿ ಇದ್ದದ್ದು 2015ರಲ್ಲಿ ಕಾಂಗ್ರೆಸ್ ಸರಕಾರ ಇರುವಾಗ 25 ಲಕ್ಷ ಆಯಿತು. 2020ರ ಜುಲೈಯಲ್ಲಿ ಬಿಜೆಪಿ ಸರಕಾರ ಸುಗ್ರೀವಾಜ್ಞೆ ತಂದು ಎರಡೂ ಕಲಂಗಳನ್ನು ತೆಗೆದೇ ಹಾಕಿತು. ಬೇಲಿ ಒಂದೇ ದಿನ ಬಿದ್ದದ್ದಲ್ಲ. ಒಬ್ಬರು ಸಡಿಲ ಮಾಡಿದರು, ಮತ್ತೊಬ್ಬರು ಕಿತ್ತರು.

ಇದರಲ್ಲಿ ನಮ್ಮವರೆಲ್ಲ ಒಂದೇ ಅಭಿಪ್ರಾಯದವರಲ್ಲ ಎಂಬುದನ್ನೂ ಹೇಳಬೇಕು. ಆಚೆ ಮನೆಯವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. "ನನ್ನ ಜಾಗಕ್ಕೆ ನಾಲ್ಕು ಕಾಸು ಜಾಸ್ತಿ ಸಿಕ್ಕಿದರೆ ನಿಮಗೆ ಎಂತ?" ಎಂದು ಅವರು ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ನನ್ನ ತೋಟದ ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂದರೆ ಇನ್ನು ನಾನು ಸ್ಪರ್ಧೆ ಮಾಡಬೇಕಾದದ್ದು ಇನ್ನೊಬ್ಬ ಕೃಷಿಕನ ಜತೆಗಲ್ಲ, ಪೇಟೆಯ ದುಡ್ಡಿನ ಜತೆಗೆ. ನನ್ನ ಹೆದರಿಕೆ ಅದು.

ವಿಪ್ ಅಂದರೆ ಎಂತ?

ಶಾಸಕರು ಹೇಳಿದ ಮಾತು ಸುಳ್ಳಲ್ಲ. ಸದನದಲ್ಲಿ ಹೀಗೆಯೇ ಮತ ಹಾಕಬೇಕು ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆಜ್ಞೆಗೆ ವಿಪ್ ಎಂದು ಹೆಸರು. ಅದಕ್ಕೆ ಹಲ್ಲು ಬಂದದ್ದು 1985ರಲ್ಲಿ.

ಅದಕ್ಕೂ ಕಾರಣ ಇತ್ತು. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. "ಆಯಾ ರಾಮ್ ಗಯಾ ರಾಮ್" ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಇಂಥ ಹಾರಾಟಗಳಿಂದ ಎಷ್ಟೋ ಸರಕಾರಗಳು ಬಿದ್ದವು. ಅದನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು 10ನೇ ಅನುಸೂಚಿ ಸೇರಿಸಿದರು. ಪಕ್ಷಾಂತರ ನಿಷೇಧ ಕಾಯ್ದೆ ಎಂದು ನಾವು ಹೇಳುವುದು ಇದನ್ನೇ.

ಇದರ ಪ್ರಕಾರ ಗೆದ್ದ ಪಕ್ಷವನ್ನು ತಾನಾಗಿ ಬಿಟ್ಟರೆ ಸದಸ್ಯತ್ವ ಹೋಗುತ್ತದೆ. ಪಕ್ಷದ ಆಜ್ಞೆಗೆ ವಿರುದ್ಧ ಮತ ಹಾಕಿದರೂ, ಮತ ಹಾಕದೆ ಕೂತರೂ ಹೋಗಬಹುದು. ಮೊದಲೇ ಪಕ್ಷದ ಅನುಮತಿ ಪಡೆದಿದ್ದರೆ, ಅಥವಾ 15 ದಿನದೊಳಗೆ ಪಕ್ಷ ಕ್ಷಮಿಸಿದರೆ ಉಳಿಯುತ್ತದೆ. ತೀರ್ಮಾನ ಸಭಾಧ್ಯಕ್ಷರದ್ದು.

ಸರಕಾರ ಉಳಿಯುತ್ತದೋ ಬೀಳುತ್ತದೋ ಎಂಬ ವಿಶ್ವಾಸ ಮತಕ್ಕೆ ಇಂಥ ಬಿಗಿ ಬೇಕು ಅನ್ನಿ. ಆದರೆ ಈ ಕಾಯ್ದೆಯಲ್ಲಿ ವಿಶ್ವಾಸ ಮತ ಬೇರೆ, ಭೂಮಿಯ ಮಸೂದೆ ಬೇರೆ ಎಂಬ ಭೇದ ಇಲ್ಲ. 1992ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿ ಹಿಡಿಯಿತು. ಜತೆಗೆ, ಸರಕಾರದ ಅಳಿವು ಉಳಿವಿನ ಪ್ರಶ್ನೆ ಮತ್ತು ಜನರ ಮುಂದೆ ಇಟ್ಟ ಮುಖ್ಯ ನೀತಿ, ಇವುಗಳಿಗೆ ಮಾತ್ರ ಇಂಥ ಆಜ್ಞೆ ಇದ್ದರೆ ಒಳ್ಳೆಯದು ಎಂಬ ಅರ್ಥದ ಮಾತನ್ನೂ ಹೇಳಿತು.

ನಾವು ಸಂಸದೀಯ ಪದ್ಧತಿಯನ್ನು ತಂದುಕೊಂಡ ಬ್ರಿಟನ್ನಿನಲ್ಲಿಯೂ ವಿಪ್ ಉಂಟು. ಆದರೆ ಮೀರಿದರೆ ಸೀಟು ಹೋಗುವುದಿಲ್ಲ. 2024ರ ಜುಲೈಯಲ್ಲಿ ಅಲ್ಲಿನ ಆಡಳಿತ ಪಕ್ಷದ 7 ಸಂಸದರು ಮಕ್ಕಳ ಭತ್ಯೆಯ ವಿಚಾರದಲ್ಲಿ ತಮ್ಮದೇ ಸರಕಾರದ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ಹೊರಗಿಟ್ಟಿತು. ಸಂಸದರಾಗಿ ಅವರು ಉಳಿದರು.

ಬೇಲಿ ಇದ್ದೂ ದನ ಹಾರಿತು

ಇಷ್ಟು ಬಿಗಿ ಇದ್ದ ಮೇಲೆ ಪಕ್ಷಾಂತರ ನಿಂತಿತೋ? ಇಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲೇ ನೋಡಿದೆವಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಮಾಡಿದ್ದ ಸರಕಾರ ಬಿತ್ತು. 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹ ಮಾಡಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಒಪ್ಪಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಆಗಿ 12ರಲ್ಲಿ ಬಿಜೆಪಿ ಗೆದ್ದಿತು. ಅನರ್ಹರಾಗಿದ್ದ ಹಲವರು ಹೊಸ ಪಕ್ಷದಿಂದ ಸದನಕ್ಕೆ ಬಂದರು.

ದೊಡ್ಡ ದನ ಬೇಲಿ ಹಾರಿ ಹೋಯಿತು. "ಈ ಮಸೂದೆ ನನ್ನ ಊರಿನವರಿಗೆ ಬೇಡ" ಎಂದು ಹೇಳಬೇಕಾದ ಶಾಸಕ ಮಾತ್ರ ಗೂಟದಲ್ಲೇ ಉಳಿದ.

ಒಬ್ಬರಿಗೇ ಬಹುಮತ ಇಲ್ಲದಿದ್ದಾಗ

ನಮ್ಮ ಮನವಿಯ ಕತೆಗೆ ಬರುತ್ತೇನೆ. 2020ರ ಸೆಪ್ಟೆಂಬರ್ ಕೊನೆಗೆ ವಿಧಾನಸಭೆಯಲ್ಲಿ ಮಸೂದೆ ಪಾಸಾಯಿತು. ಆದರೆ ವಿಧಾನ ಪರಿಷತ್ತಿನಲ್ಲಿ ಆಡಳಿತ ಪಕ್ಷಕ್ಕೆ ಸ್ವಂತ ಬಹುಮತ ಇರಲಿಲ್ಲ. ಆ ಅಧಿವೇಶನದಲ್ಲಿ ಅಲ್ಲಿ ಅಂಗೀಕಾರ ಸಿಗಲಿಲ್ಲ. ನಮಗೆ ಸ್ವಲ್ಪ ಉಸಿರು ಬಂತು.

ಡಿಸೆಂಬರ್ 8ಕ್ಕೆ ಪರಿಷತ್ತಿನಲ್ಲಿಯೂ ಪಾಸಾಯಿತು. ಮೊದಲು ವಿರೋಧಿಸಿದ್ದ ಜೆಡಿಎಸ್ ಆ ದಿನ ಬೆಂಬಲ ಕೊಟ್ಟಿತು. ಮಸೂದೆಯಲ್ಲಿ ಕೆಲವು ಬದಲಾವಣೆ ಆಗಿದೆ ಎಂಬುದು ಅವರ ಸಮರ್ಥನೆ. ಕೇಂದ್ರದ ಕೃಷಿ ಕಾಯ್ದೆಗಳ ವಿರುದ್ಧ ರೈತರು ಭಾರತ ಬಂದ್ ಮಾಡಿದ ದಿನವೂ ಅದೇ.

ನಾವು ತಪ್ಪಿದ್ದು ಇಲ್ಲಿ. ಸೆಪ್ಟೆಂಬರಿನಿಂದ ಡಿಸೆಂಬರಿನ ವರೆಗೆ ಎರಡು ತಿಂಗಳಿಗಿಂತ ಹೆಚ್ಚು ಸಮಯ ಇತ್ತು. ಆಡಳಿತ ಪಕ್ಷದ ಶಾಸಕರ ಮನೆಗೆ ಹೋದ ನಾವು, ತಕ್ಕಡಿಯನ್ನು ಆಚೀಚೆ ಮಾಡುವ ಶಕ್ತಿ ಇದ್ದ ಇತರ ಪಕ್ಷದವರ ಬಾಗಿಲಿಗೆ ಹೋಗಲೇ ಇಲ್ಲ. "ಅವರಿಗೆ ನಮ್ಮಲ್ಲಿ ಓಟೇ ಇಲ್ಲ, ಹೋಗಿ ಎಂತ ಪ್ರಯೋಜನ" ಎಂದು ಕೂತೆವು. ಪರಿಷತ್ತು ಮಸೂದೆಯನ್ನು ಶಾಶ್ವತವಾಗಿ ತಡೆಯಲಾರದು, ಕೆಲವು ತಿಂಗಳು ತಡ ಮಾಡಬಹುದು ಅಷ್ಟೇ. ಆದರೆ ತಡವಾದರೆ ಚರ್ಚೆಗೆ ಎಡೆ ಸಿಗುತ್ತದೆ. ಹಲವು ಪಕ್ಷಗಳು ಇರುವುದರಿಂದ ಸಣ್ಣವರಿಗೆ ಸಿಗುವ ಲಾಭ ಇಂಥ ಎಡೆಯೇ. ಅದನ್ನು ನಾವು ಬಳಸಲಿಲ್ಲ.

ನಮ್ಮದೇ ಪಕ್ಷ ಆದರೆ?

ನಮ್ಮ ಸಭೆಗಳಲ್ಲಿ ಈ ಪ್ರಶ್ನೆ ಯಾವಾಗಲೂ ಬರುತ್ತದೆ. ಪ್ರಯತ್ನ ಆಗಿದೆ. 1980ರಲ್ಲಿ ಹುಟ್ಟಿದ ರೈತ ಸಂಘ ಮುಂದೆ ಚುನಾವಣೆಗೂ ಇಳಿಯಿತು. ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಗೆದ್ದರು. 2023ರಲ್ಲಿ ಅವರ ಮಗ ದರ್ಶನ್ ಅದೇ ಕ್ಷೇತ್ರದಿಂದ ಗೆದ್ದರು, ಆಗ ಕಾಂಗ್ರೆಸ್ಸಿನ ಬೆಂಬಲ ಇತ್ತು. ಸದನದಲ್ಲಿ ರೈತರ ಸ್ವರ ಕೇಳಲು ಇಂಥವರು ಬೇಕೇ ಬೇಕು. ಆದರೆ 224ರಲ್ಲಿ ಒಂದೆರಡು ಕೈಯಿಂದ ಕಾಯ್ದೆ ನಿಲ್ಲುವುದಿಲ್ಲ. ಉಳಿದ ಕೈಗಳನ್ನು ಎತ್ತಿಸುವವರ ಹತ್ತಿರವೂ ನಾವು ಹೋಗಬೇಕು.

ಗ್ರಾಮ ಪಂಚಾಯತಿನ ಅನುಭವ ಬೇರೆ. ಅಲ್ಲಿಯ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಒಳಗಿಂದೊಳಗೆ "ಇವರ ಬೆಂಬಲಿತ, ಅವರ ಬೆಂಬಲಿತ" ಇದ್ದದ್ದೇ. ಆದರೂ ತೋಡಿಗೆ ಕಟ್ಟ ಕಟ್ಟುವ ವಿಚಾರ ಬಂದಾಗ ನಾವು ಆಚೆ ಬದಿಯವರ ಜತೆ ಸೇರಿ ಕೈ ಎತ್ತಿದ್ದೆವು. ಯಾರ ಸೀಟೂ ಹೋಗಲಿಲ್ಲ. ಕಟ್ಟದಲ್ಲಿ ನೀರು ನಿಂತಿತು.

ವಿಪ್ ಬರುವ ಮೊದಲು

ಈಗ ನಾವು ಕೆಲವರು ಕೂತು ಮಾತಾಡಿ ಇಷ್ಟು ನಿರ್ಧಾರ ಮಾಡಿಕೊಂಡಿದ್ದೇವೆ.

1. ಪ್ರಣಾಳಿಕೆ ಬರೆಯುವ ಹೊತ್ತಿಗೆ ಎಲ್ಲ ಪಕ್ಷಗಳಿಗೂ ಒಂದೇ ಒಕ್ಕಣೆಯ ಬೇಡಿಕೆ ಕೊಡುವುದು. ಒಪ್ಪಿಗೆಯನ್ನು ಬರೆಹದಲ್ಲಿ ಕೇಳುವುದು. ಅಚ್ಚಾದ ಪ್ರಣಾಳಿಕೆಯನ್ನು ಐದು ವರ್ಷ ತೆಗೆದಿಡುವುದು.

2. ಮಸೂದೆ ಬರುತ್ತದೆ ಎಂದು ಗೊತ್ತಾದ ಕೂಡಲೇ, ಪಕ್ಷದ ಶಾಸಕರ ಸಭೆ ಸೇರುವ ಮೊದಲೇ ಹೋಗುವುದು. ಒಳಗಿನ ಸಭೆಯಲ್ಲಿ ಶಾಸಕರಿಗೆ ಬಾಯಿ ಉಂಟು. ವಿಪ್ ಬಂದ ಮೇಲೆ ಕೈ ಮಾತ್ರ.

3. "ವಿರುದ್ಧ ಮತ ಹಾಕಿ" ಎಂದು ಕೇಳಿ ಅವರನ್ನು ಸಂಕಟಕ್ಕೆ ಹಾಕುವ ಬದಲು "ಪರಿಶೀಲನಾ ಸಮಿತಿಗೆ ಕಳಿಸಿ ಎಂದು ಒತ್ತಾಯಿಸಿ, ಚರ್ಚೆಯಲ್ಲಿ ನಮ್ಮ ಮಾತು ದಾಖಲೆ ಮಾಡಿ" ಎಂದು ಕೇಳುವುದು.

4. ಧ್ವನಿಮತದಲ್ಲಿ ಯಾರು ಎಂತ ಹೇಳಿದರು ಎಂದು ಹೆಸರು ಉಳಿಯುವುದಿಲ್ಲ. ಮತ ವಿಭಜನೆ ಕೇಳಿ ಎಂದು ವಿರೋಧ ಪಕ್ಷದವರಿಗೆ ಹೇಳುವುದು.

5. ನಮಗೆ ಓಟು ಹಾಕಿ ಅಭ್ಯಾಸ ಇಲ್ಲದ ಪಕ್ಷದವರ ಮನೆಗೂ ಹೋಗುವುದು.

ಇದರಿಂದ ಎಲ್ಲ ಸರಿಯಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಕೊಳೆರೋಗ ಬಂದ ಮೇಲೆ ಮದ್ದು ಬಿಟ್ಟರೆ ಉದುರಿದ ಕಾಯಿ ಮರಕ್ಕೆ ಏರುವುದಿಲ್ಲ ಎಂದು ನಮಗೆ ಗೊತ್ತು. ಮೊದಲ ಮಳೆ ಬಿದ್ದ ಕೂಡಲೇ ಮದ್ದಿನ ಚಿಂತೆ ಮಾಡುವವರು ನಾವು. ಕಾಯ್ದೆಯ ವಿಚಾರದಲ್ಲಿ ಮಾತ್ರ ಕಾಯಿ ಉದುರಿದ ಮೇಲೆ ಹೊರಟೆವು.

ಜೀಪಿನಲ್ಲಿ ಕೇಳಿದ ಆ ಹಿರಿಯರಿಗೆ ಈಗ ನನ್ನಲ್ಲಿ ಉತ್ತರ ಉಂಟು. ನಾವು ಓಟು ಹಾಕಿದ್ದು ಮನುಷ್ಯನ ಮುಖ ನೋಡಿ, ಅದು ಹೋಗಿ ಸೇರಿದ್ದು ಪಕ್ಷಕ್ಕೆ. ಹಾಗಾದರೆ ಪಕ್ಷದ ಹತ್ತಿರವೇ ಲೆಕ್ಕ ಕೇಳುವ, ಸಮಯ ಇರುವಾಗಲೇ. ನಿಮ್ಮ ಊರಿನಲ್ಲಿ ಇಂಥ ಪ್ರಯತ್ನ ಯಾರಾದರೂ ಮಾಡಿದ್ದರೆ, ಗೆದ್ದದ್ದಾಗಲಿ ಸೋತದ್ದಾಗಲಿ, ಪತ್ರಿಕೆಗೆ ಬರೆಯಿರಿ.